ಕಮೋಡುಗಳ ನಡುವೆ ತಿದ್ದುಪಡಿ

ನಾನು ಬಿಟ್ಟುಬಂದ ಕುರ್ಚಿಗೆ ಹೊಸದಾಗಿ ಸೇರಿದ ಹುಡುಗಿ ಮೊನ್ನೆ ಫೋನ್ ಮಾಡಿ, "ಐರಿನ್ ಆಂಟಿ, ಈ ಜಾಬ್‌ನಲ್ಲಿ ಎಕ್ಸಾಕ್ಟ್ಲಿ ಎಂತ ಮಾಡ್ಲಿಕ್ಕೆ ಉಂಟು?" ಎಂದು ಕೇಳಿದಳು. ಪಾಪ, ಅವಳ ಆಫರ್ ಲೆಟರಿನಲ್ಲಿ 'ಆಫೀಸ್ ಸೆಕ್ರೆಟರಿ' ಎಂದಷ್ಟೇ ಇದೆಯಂತೆ. ನನ್ನದರಲ್ಲೂ ಅಷ್ಟೇ ಇತ್ತು. ಕುವೈತಿನ ರಾಯ್ ಎಂಬ ಪೇಟೆಯಲ್ಲಿ ನಲ್ಲಿ, ವಾಶ್ ಬೇಸಿನ್, ಕಮೋಡು ಮಾರುವ ಶೋರೂಮು. ಕೊಟೇಶನ್ ಟೈಪ್ ಮಾಡಿ ಫೋನ್ ಎತ್ತಿದರೆ ಸಂಬಳ ಎಂದುಕೊಂಡು ಸೇರಿದವಳು ನಾನು. ಶೋರೂಮಿನ ಮ್ಯಾನೇಜರ್ ಹಮೀದ್ ಹಾಜಿಯವರು ನಮ್ಮ ಕರಾವಳಿ ಸಂಘಗಳ ಒಕ್ಕೂಟಕ್ಕೆ ಅಧ್ಯಕ್ಷರೂ ಹೌದು ಎಂಬುದನ್ನು ಯಾರೂ ಹೇಳಿರಲಿಲ್ಲ. ಸೇರಿದ ಮೊದಲ ವಾರವೇ ಅವರು ನನ್ನ ಮೇಜಿನ ಮೇಲೆ ಒಂದು ದಪ್ಪ ಫೈಲು ಇಟ್ಟು, "ಇದು ಸ್ವಲ್ಪ ನಮ್ಮ ಊರಿನವರ ಕೆಲಸ ಐರಿನ್ ಬಾಯಿ, ಪುರುಸೊತ್ತಿದ್ದಾಗ ನೋಡಿ" ಎಂದರು. ಆ 'ಸ್ವಲ್ಪ' ನಾನು ರಿಟೈರ್ ಆಗುವವರೆಗೂ ಮುಗಿಯಲಿಲ್ಲ.

ಆದ್ದರಿಂದ ಮಗಳೇ, ನಿನ್ನ ಪ್ರಶ್ನೆಗೆ ಫೋನಿನಲ್ಲಿ ಉತ್ತರಿಸುವುದು ಆಗದ ಮಾತು. ಬರೆದೇ ಹೇಳುತ್ತೇನೆ. ಕನ್ನಡದಲ್ಲಿ ಬರೆಯುತ್ತೇನೆ, ನಿನ್ನ ಅಮ್ಮನ ಹತ್ತಿರ ಓದಿಸಿಕೋ.

ಒಕ್ಕೂಟ ಎಂದರೆ ಸಂಘಗಳ ಸಂಘ. ಊರಿನಲ್ಲಿ ಪಕ್ಕದ ಮನೆಯವರ ಮುಖ ನೋಡದವರೂ ಕುವೈತಿಗೆ ಬಂದ ಕೂಡಲೇ ಸಂಘ ಕಟ್ಟುತ್ತಾರೆ. ಕಟ್ಟಿದ ಮೇಲೆ ಮುರಿದು ಎರಡು ಮಾಡುತ್ತಾರೆ. ಹಾಗೆ ಮುರಿದು ಮುರಿದು ನಮ್ಮ ಕಡೆಯ ಪ್ರತಿ ಪೇಟೆಗೊಂದು ಸಂಘ ಇಲ್ಲಿ ಉಂಟು, ಅವೆಲ್ಲ ಸೇರಿ ಒಕ್ಕೂಟ. ಬ್ಯಾರಿಗಳು, ಕೊಂಕಣಿಯವರು, ತುಳುವರು ಎಲ್ಲರೂ ಇದ್ದರು, ಜಗಳದಲ್ಲಿ ಮಾತ್ರ ಜಾತಿಭೇದ ಇರಲಿಲ್ಲ. ಒಕ್ಕೂಟಕ್ಕೆ ಸ್ವಂತ ಜಾಗವಿಲ್ಲದ ಕಾರಣ ಸಭೆಗಳೆಲ್ಲ ಶುಕ್ರವಾರ ಜುಮ್ಮಾ ಮುಗಿದ ಮೇಲೆ ನಮ್ಮ ಶೋರೂಮಿನಲ್ಲೇ ನಡೆಯುತ್ತಿದ್ದವು. ಕುರ್ಚಿ ಸಾಲದೆ ಬಂದಾಗ ಕೆಲವರು ಡಿಸ್‌ಪ್ಲೇ ಕಮೋಡುಗಳ ಮುಚ್ಚಳದ ಮೇಲೆ ಕೂರುತ್ತಿದ್ದರು. ಗಂಭೀರ ಮುಖ ಮಾಡಿಕೊಂಡು ಇಟಾಲಿಯನ್ ಕಮೋಡಿನ ಮೇಲೆ ಕೂತು ಸಮಾಜೋದ್ಧಾರದ ಮಾತಾಡುವವರನ್ನು ನೋಡಿ ನಗದೆ ಮಿನಿಟ್ಸ್ ಬರೆಯುವುದು ಈ ಕೆಲಸಕ್ಕೆ ಬೇಕಾದ ಮೊದಲ ಅರ್ಹತೆ.

ಮಿನಿಟ್ಸ್ ಅಂದಾಗ ನೆನಪಾಯಿತು. ನಾನು ಬರೆದ ಮೊದಲ ಮಿನಿಟ್ಸಿನಲ್ಲಿ ಯಾರು ಏನು ಹೇಳಿದರೋ ಅದನ್ನೇ ಬರೆದಿದ್ದೆ. ಶಾಲೆಯಲ್ಲಿ ಸಿಸ್ಟರುಗಳು ಕಲಿಸಿದ ಪ್ರಾಮಾಣಿಕತೆ ನೋಡು. ಮುಂದಿನ ಸಭೆಯಲ್ಲಿ ಅದನ್ನು ಎದ್ದುನಿಂತು ಓದಿದೆ: "ಆಗ ಡಾ. ವಿಲ್ಫ್ರೆಡ್ ಅವರು ಅಧ್ಯಕ್ಷರಿಗೆ, ನಿಮಗೆ ಫ್ಲಶ್ ಒತ್ತುವುದು ಬಿಟ್ಟು ಬೇರೆ ಎಂತ ಗೊತ್ತುಂಟು ಎಂದು ಕೇಳಿದರು." ಕಳೆದ ಸಭೆಯ ಜಗಳ ಅಲ್ಲಿಂದಲೇ ಪುನಃ ಶುರುವಾಯಿತು. ಅವತ್ತಿನಿಂದ ಹಾಜಿಯವರು ಒಂದು ವಾಕ್ಯ ಕಲಿಸಿದರು, 'ವಿವರವಾದ ಚರ್ಚೆ ನಡೆಯಿತು.' ಕುಸ್ತಿ ನಡೆದರೂ ಅದೇ, ಯಾರೂ ತುಟಿ ಪಿಟಕ್ಕೆನ್ನದಿದ್ದರೂ ಅದೇ.

ಈ ವಿಲ್ಫ್ರೆಡ್ ಡಾಕ್ಟರ್ ಯಾರು ಅಂದರೆ ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ಹಲ್ಲಿನ ಡಾಕ್ಟರು. ಬೇರೆಯವರ ಬಾಯಿ ತೆರೆಸಿ ಸಂಬಳ ಪಡೆಯುವವರು, ಸಭೆಯಲ್ಲಿ ಮಾತ್ರ ತಮ್ಮದನ್ನು ಮುಚ್ಚುತ್ತಿರಲಿಲ್ಲ. ಹಾಜಿಯವರಿಗೂ ಅವರಿಗೂ ಎಣ್ಣೆ ಸೀಗೆಕಾಯಿ. ಹಾಜಿ ಬಿರಿಯಾನಿ ಅಂದರೆ ಡಾಕ್ಟರು ಪುಲಾವ್ ಎನ್ನುವರು. ಅವರಿಬ್ಬರೂ ಒಂದೇ ಒಂದು ಸಲ ಒಮ್ಮತಕ್ಕೆ ಬಂದದ್ದುಂಟು, ಈ ಬರಹ ಅದರ ಬಗ್ಗೆಯೇ.

ನಾನು ಸೇರಿದಾಗ ನೋಟೀಸನ್ನು ಜೆರಾಕ್ಸ್ ಮಾಡಿ ಕವರಿಗೆ ಹಾಕಿ ಕೈಯಿಂದ ಕೈಗೆ ಕಳಿಸುವ ಪದ್ಧತಿ. ಬರಲು ಮನಸ್ಸಿಲ್ಲದವರು ಸಿಗಲೇ ಇಲ್ಲ ಎನ್ನುತ್ತಿದ್ದರು. ಆಮೇಲೆ ಇಮೇಲ್ ಬಂತು, ಆಗ ಸ್ಪ್ಯಾಮಿಗೆ ಹೋಗಿತ್ತು ಎಂದರು. ಈಗ ವಾಟ್ಸಾಪು. ನೀಲಿ ಗೆರೆ ಬಿದ್ದರೂ ನೋಡಲಿಲ್ಲ ಎನ್ನುವ ಧೈರ್ಯ ನಮ್ಮವರಿಗೆ ಉಂಟು. ಪದ್ಧತಿ ಬದಲಾಯಿತೇ ಹೊರತು ಸುಳ್ಳು ಅದೇ.

ಇನ್ನು ವಿಷಯಕ್ಕೆ ಬರುತ್ತೇನೆ. ಒಕ್ಕೂಟಕ್ಕೊಂದು ಬೈಲಾ ಇತ್ತು. ಬೈಲಾ ಎಂದರೆ ಹಾಜಿಯವರಿಗೆ ಕೋಪ, ಅದನ್ನು 'ಸಂವಿಧಾನ' ಎನ್ನಬೇಕು. ಆ ಸಂವಿಧಾನದ ಪ್ರಕಾರ ಕಂಪನಿ ಇಕಾಮಾ, ಅಂದರೆ ಕಂಪನಿ ಮಾಡಿಸಿಕೊಟ್ಟ ವಾಸದ ಪರವಾನಗಿ, ಇದ್ದವರಷ್ಟೇ ಸದಸ್ಯರಾಗಬಹುದು. ಅರಬಿಗಳ ಮನೆಯಲ್ಲಿ ಅಡುಗೆ, ಡ್ರೈವಿಂಗ್, ಮಕ್ಕಳನ್ನು ನೋಡುವುದು ಮಾಡಿಕೊಂಡು ಮನೆಕೆಲಸದ ವೀಸಾದಲ್ಲಿ ಇರುವ ನಮ್ಮ ಊರಿನವರಿಗೆ ಸದಸ್ಯತ್ವ ಇಲ್ಲ. ಕಾರ್ಯಕ್ರಮಕ್ಕೆ ಬಂದು ಊಟ ಮಾಡಬಹುದು, ಮಾಡಿ ಬಡಿಸಲೂಬಹುದು, ಸದಸ್ಯತ್ವದ ಚೀಟಿ ಮಾತ್ರ ಸಿಗದು. ಯಾಕೆ ಹಾಗೆ ಎಂದು ಕೇಳಿದರೆ ಹಾಜಿಯವರು, "ಅವರ ಕಫೀಲನ ಜಗಳ ಎಲ್ಲ ನಮ್ಮ ತಲೆಗೆ ಬರ್ತದೆ ಮಾರಾಯ್ತಿ" ಎನ್ನುತ್ತಿದ್ದರು. ಕಫೀಲ ಅಂದರೆ ವೀಸಾ ಕೊಟ್ಟು ಕೆಲಸಕ್ಕೆ ಇಟ್ಟುಕೊಂಡ ಯಜಮಾನ.

ಒಕ್ಕೂಟ ಮಾಡುತ್ತಿದ್ದ ಒಂದೇ ಒಂದು ಅರ್ಥವಿರುವ ಕೆಲಸವೆಂದರೆ ಸದಸ್ಯರು ಯಾರಾದರೂ ಇಲ್ಲಿ ತೀರಿಕೊಂಡರೆ ಆಸ್ಪತ್ರೆ, ಪೊಲೀಸು, ಎಂಬೆಸಿ, ಕಾರ್ಗೋ ಎಂದು ಓಡಾಡಿ ದೇಹವನ್ನು ಊರಿಗೆ ಮುಟ್ಟಿಸುವುದು. ಅದನ್ನು ನಾನು ಎಂದೂ ತಮಾಷೆ ಮಾಡಿದವಳಲ್ಲ.

ಒಂದು ಬೇಸಿಗೆಯಲ್ಲಿ ಗಿರಿಜ ಫೋನ್ ಮಾಡಿದಳು. ಗಿರಿಜ ಸಾಲ್ಮಿಯಾದ ಒಂದು ವಿಲ್ಲಾದಲ್ಲಿ ಅಡುಗೆಯವಳು, ಕಾರ್ಕಳದ ಕಡೆಯವಳು, ನಮ್ಮ ಪಿಕ್ನಿಕ್ಕುಗಳಿಗೆ ಬಂದು ದೋಸೆ ಹೊಯ್ದು ಕೊಡುತ್ತಿದ್ದವಳು. ಪಕ್ಕದ ವಿಲ್ಲಾದಲ್ಲಿ ಕೆಲಸಕ್ಕಿದ್ದ ಅವಳ ಗೆಳತಿ ಕಮಲ ತೀರಿಕೊಂಡಿದ್ದಳು. ಅವಳ ಕಫೀಲ ಸಂಸಾರ ಸಮೇತ ಯುರೋಪಿಗೆ ಹೋಗಿದ್ದ. ಅವನ ಸಹಿ ಇಲ್ಲದೆ ದೇಹ ಬಿಡುವ ಹಾಗಿರಲಿಲ್ಲ. ನಾನು ಹಾಜಿಯವರನ್ನು ಕೇಳಿದೆ. ಅವರು, "ಸದಸ್ಯೆ ಅಲ್ವಲ್ಲ. ಇವತ್ತು ಒಬ್ಬರಿಗೆ ಮಾಡಿದ್ರೆ ನಾಳೆ ಎಲ್ಲರಿಗೆ ಮಾಡ್ಬೇಕು" ಎಂದರು. ಡಾಕ್ಟರನ್ನು ಕೇಳಿದೆ. "ಐರಿನ್, ನನಗೂ ತುಂಬಾ ಬೇಜಾರುಂಟು, ಆದ್ರೆ ಪ್ರೊಸೀಜರ್ ಅಂತ ಒಂದು ಉಂಟಲ್ಲ" ಎಂದರು. ಕಫೀಲ ರಜೆ ಮುಗಿಸಿ ಬರುವವರೆಗೂ ಕಮಲ ಶವಾಗಾರದಲ್ಲೇ ಇದ್ದಳು. ಊರಿನಲ್ಲಿ ಅವಳ ಅಮ್ಮ ದಿನಾ ಗಿರಿಜಳಿಗೆ ಫೋನ್ ಮಾಡಿ, "ಇವತ್ತು ಬರ್ತಾಳಾ?" ಎಂದು ಕೇಳುತ್ತಿದ್ದರಂತೆ.

ಎಲ್ಲ ಮುಗಿದ ಮೇಲೆ ಗಿರಿಜ ಶೋರೂಮಿಗೆ ಬಂದಳು. ಅಳಲಿಲ್ಲ. ನನ್ನ ಎದುರಿನ ಕುರ್ಚಿಯಲ್ಲಿ ಕೂತು, "ಬಾಯಿ, ನಾನು ಮೆಂಬರ್ ಆಗ್ಬೇಕು. ನನ್ನ ಹೆಣ ಫ್ರಿಜ್ಜಿನಲ್ಲಿ ಕೂತು ಕಫೀಲನ ರಜೆ ಮುಗಿಲಿಕ್ಕೆ ಕಾಯುದು ಬೇಡ" ಎಂದಳು.

ಕಮಲಳ ಸುದ್ದಿ ಹಬ್ಬಿತ್ತು. ಸಂಘಗಳ ಯುವಕರು ರೊಚ್ಚಿಗೆದ್ದರು. ಮನೆಕೆಲಸದವರಿಗೂ ಸದಸ್ಯತ್ವ ಕೊಡಲು ಸಂವಿಧಾನ ತಿದ್ದಬೇಕು, ಅದಕ್ಕೆ ಸಮಾವೇಶ ಕರೆಯಬೇಕು ಎಂದು ಒಂದೊಂದೇ ಸಂಘ ಪತ್ರ ಕಳಿಸಿತು. ಮೂರನೇ ಎರಡರಷ್ಟು ಸಂಘಗಳು ಕೇಳಿದರೆ ಕರೆಯಲೇಬೇಕು ಎಂದು ಸಂವಿಧಾನವೇ ಹೇಳುತ್ತಿತ್ತು. ಹಾಜಿಯವರಿಗೆ ನಿದ್ದೆ ಹೋಯಿತು, ಡಾಕ್ಟರಿಗೂ ಹೋಯಿತು. ಕಾರಣ ಸುಲಭ. ಮನೆಕೆಲಸದವರು ಸದಸ್ಯರಾದರೆ ನಮಗಿಂತ ಅವರೇ ಹೆಚ್ಚಾಗುತ್ತಾರೆ, ಮುಂದಿನ ಚುನಾವಣೆಯಲ್ಲಿ ಅವರ ಮತ ಯಾರಿಗೆ ಎಂದು ಯಾವ ಹಾಜಿಗೂ ಯಾವ ಡಾಕ್ಟರಿಗೂ ಗೊತ್ತಿಲ್ಲ. ಬೇಡ ಎನ್ನುವ ಧೈರ್ಯವೂ ಇಬ್ಬರಿಗೂ ಇರಲಿಲ್ಲ. ಆದ್ದರಿಂದ ನಿಯಮಾವಳಿ ಸಮಿತಿ ರಚಿಸಿದರು.

ಇದನ್ನು ಚೆನ್ನಾಗಿ ನೆನಪಿಟ್ಟುಕೋ. ಸತ್ತವಳನ್ನು ಊರಿಗೆ ಕಳಿಸಲು ಸಂವಿಧಾನ ತಿದ್ದಬೇಕು. ಸಂವಿಧಾನ ತಿದ್ದಲು ಸಮಾವೇಶ ಬೇಕು. ಸಮಾವೇಶ ನಡೆಸಲು ನಿಯಮ ಬೇಕು. ನಿಯಮ ಮಾಡಲು ಸಮಿತಿ, ಆ ಸಮಿತಿ ಹೇಗೆ ಕೂರಬೇಕು ಎಂದು ತೀರ್ಮಾನಿಸಲು ಒಂದು ಉಪಸಮಿತಿ. ಉಪಸಮಿತಿಯ ಮೊದಲ ಸಭೆಯ ಮಿನಿಟ್ಸಿನಲ್ಲಿ ನಾನು 'ವಿವರವಾದ ಚರ್ಚೆ ನಡೆಯಿತು' ಎಂದು ಬರೆದೆ. ನಡೆದದ್ದು ಸಮೋಸಾ ಯಾವ ಅಂಗಡಿಯದ್ದು ಎಂಬ ಚರ್ಚೆ.

ಸಮಿತಿಗೆ ಎಲ್ಲಕ್ಕಿಂತ ದೊಡ್ಡ ಹೆದರಿಕೆ, ಸಮಾವೇಶ ಲಗಾಮು ಕಿತ್ತ ಕುದುರೆ ಆದರೆ ಎಂಬುದು. "ಒಮ್ಮೆ ಬಾಗಿಲು ತೆಗೆದ್ರೆ ಯಾರು ಎಂತ ತಿದ್ದುತ್ತಾರೆ ಅಂತ ಹೇಳ್ಲಿಕ್ಕಾಗ್ತದಾ? ಅಧ್ಯಕ್ಷರೇ ಬೇಡ ಅಂತ ತಿದ್ದಿದ್ರೆ?" ಎಂದು ಹಾಜಿ ಕೇಳಿದರು. ನಿಜ ಹೇಳಬೇಕೆಂದರೆ ನನಗೆ ಅದು ಒಳ್ಳೆಯ ತಿದ್ದುಪಡಿ ಎನಿಸಿತು. ಹಾಗಾಗಿ, ವಿಷಯ ಒಂದೇ, ಅದನ್ನು ಬಿಟ್ಟು ಮಾತಾಡುವ ಪ್ರತಿನಿಧಿಯನ್ನು ಅವನ ಸಂಘ ಅಲ್ಲೇ ವಾಪಸ್ ಕರೆಸಿಕೊಳ್ಳಬಹುದು ಎಂದು ನಿಯಮವಾಯಿತು. ದೊಡ್ಡ ಸಂಘಕ್ಕೆ ಹೆಚ್ಚು ಮತ ಬೇಕೆಂದು ಹಾಜಿ, ಸಂಘಕ್ಕೊಂದೇ ಮತ ಎಂದು ಡಾಕ್ಟರು ಮೂರು ಶುಕ್ರವಾರ ಹೋರಾಡಿದರು. ಡಾಕ್ಟರು ಗೆದ್ದರು. ಬಾರದವರ ಸಹಿ ಹಾಕಿಸಿದ ಪ್ರಾಕ್ಸಿ ಕಾಗದವನ್ನು ಹಾಜಿ ರಾಶಿ ಹಾಕಿಯಾರು ಎಂದು ಡಾಕ್ಟರು ಪ್ರಾಕ್ಸಿ ಬೇಡವೆಂದರು. ಡಾಕ್ಟರ ಗುಂಪು ಝೂಮಿನಲ್ಲಿ ಬಲು ಜೋರು ಎಂದು ಹಾಜಿ ಫೋನು, ವಿಡಿಯೋ ಯಾವುದೂ ಬೇಡವೆಂದರು. ಮತವಿರಲಿ, ವಾಪಸ್ ಕರೆಸುವುದಿರಲಿ, ಎಲ್ಲ ಖುದ್ದಾಗಿ ಹಾಲಿಗೆ ಬಂದೇ ಮಾಡಬೇಕು ಎಂದು ಟೈಪ್ ಮಾಡಿದೆ.

ಪ್ರತಿನಿಧಿ ಯಾರಾಗಬಹುದು ಎಂಬ ಪ್ರಶ್ನೆ ಬಂತು. ಹಾಜಿಯವರಿಗೆ ತಮ್ಮ ಭಾವನನ್ನು ತರಬೇಕಿತ್ತು. ಆ ಭಾವ ಕಾನೂನು ಓದಿದವರು, ಆದರೆ ಚಂದಾ ಕಟ್ಟಲು ಮನಸ್ಸು ಬಾರದೆ ಯಾವ ಸಂಘದ ಸದಸ್ಯರೂ ಆಗಿರಲಿಲ್ಲ. ಡಾಕ್ಟರಿಗೂ ಅಂಥವನೇ ಒಬ್ಬ ನೆಂಟ ಇದ್ದ. ಹೀಗಾಗಿ 'ಸಂಘವು ನೇಮಿಸುವ, ಕುವೈತಿನ ಇಕಾಮಾ ಇರುವ ಯಾವುದೇ ವ್ಯಕ್ತಿ' ಎಂದು ಬರೆಸಿದರು. ಕಂಪನಿ ಇಕಾಮಾ ಎಂದು ಬರೆಯಬೇಕಾ ಎಂದು ನಾನು ಕೇಳಿಯೇ ಕೇಳಿದೆ. "ಬೇಡ, ನಮ್ಮ ಭಾವ ಹೆಂಡತಿಯ ಇಕಾಮಾದಲ್ಲಿ ಇರುದು" ಎಂದರು ಹಾಜಿ.

ಕೊನೆಗೆ, ಮರುವರ್ಷದ ಬೇಸಿಗೆ ಹತ್ತಿರ ಬರುವಾಗ, ದಿನಾಂಕ. ನಾನು ಹೇಳಿದ ಒಮ್ಮತ ಇಲ್ಲೇ. ಹಾಜಿ, "ಆಗಸ್ಟ್ ಹೇಗೆ?" ಎಂದರು. "ಆಗಸ್ಟ್ ಬೆಸ್ಟ್" ಎಂದರು ಡಾಕ್ಟರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಅವರು ಒಟ್ಟಿಗೆ ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ. ಆಗಸ್ಟಿನಲ್ಲಿ ಕುವೈತಿನಲ್ಲಿ ಯಾರಿರುತ್ತಾರೆ? ಶಾಲೆಗೆ ರಜೆ ಬಿತ್ತೆಂದರೆ ಸಾಲ್ಮಿಯಾದ ಅರ್ಧಕ್ಕರ್ಧ ಫ್ಲ್ಯಾಟುಗಳಿಗೆ ಬೀಗ. ಸಂಘಗಳ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲ ಊರಿನಲ್ಲಿ ಮದುವೆ ಊಟ ಮಾಡುತ್ತಿರುತ್ತಾರೆ. ಮುಕ್ಕಾಲು ಪಾಲು ಸಂಘಗಳು ಬಾರದಿದ್ದರೆ ಕೋರಂ ಇಲ್ಲ. ಕೋರಂ ಇಲ್ಲದಿದ್ದರೆ ಮೂರು ವರ್ಷ ಆ ವಿಷಯ ಎತ್ತುವಂತಿಲ್ಲ ಎಂಬ ಇನ್ನೊಂದು ನಿಯಮವನ್ನೂ ಅವತ್ತೇ ಸೇರಿಸಿದರು. ಸಮಾವೇಶ ಸತ್ತರೂ ಕೊಂದವರ ಕೈಗೆ ರಕ್ತ ಅಂಟುವುದಿಲ್ಲ.

ಗಿರಿಜಳಿಗೆ ಫೋನಿನಲ್ಲಿ ಹೇಳಿದೆ. "ಮೂರು ವರ್ಷವಾ? ಅಷ್ಟರ ತನಕ ಸಾಯ್ಬಾರ್ದು ಹಾಗಾದ್ರೆ" ಎಂದು ನಕ್ಕು ಫೋನಿಟ್ಟಳು. ಟೈಪ್ ಮಾಡಿದ ಆ ಹಾಳೆಗಳನ್ನು ಶೋರೂಮಿನ ಕಮೋಡಿನಲ್ಲೇ ಹಾಕಿ ಫ್ಲಶ್ ಒತ್ತುವ ಅನ್ನಿಸಿತು. ಡಿಸ್‌ಪ್ಲೇ ಪೀಸಿಗೆ ನೀರಿನ ಕನೆಕ್ಷನ್ ಇರುವುದಿಲ್ಲ, ಏನು ಮಾಡುವುದು.

ಆದರೆ ಇಷ್ಟೆಲ್ಲ ತಲೆ ಓಡಿಸಿದವರು ನಮ್ಮವರ ಎರಡು ಬುದ್ಧಿಯನ್ನು ಮರೆತಿದ್ದರು. ಒಂದು, ನಮ್ಮ ಸಂಘದವರು ಸಭೆಗೆ ಬಾರದೆ ಇರಬಲ್ಲರು, ಆದರೆ ತಮ್ಮ ಸಂಘದ ಬೋರ್ಡಿನ ಹಿಂದೆ ಕುರ್ಚಿ ಖಾಲಿ ಬಿದ್ದಿರುವ ಫೋಟೋ ಗ್ರೂಪಿನಲ್ಲಿ ಬರುವುದನ್ನು ಸಹಿಸಲಾರರು. ಪಕ್ಕದೂರಿನ ಸಂಘದ ಕುರ್ಚಿ ತುಂಬಿದ್ದರಂತೂ ಕೇಳುವುದೇ ಬೇಡ. ಇನ್ನೊಂದು, ಊರಿಗೆ ಹೋಗುವಾಗ ಪ್ರತಿಯೊಬ್ಬರೂ ಫ್ಲ್ಯಾಟಿನ ಬೀಗದ ಕೈಯನ್ನು ಯಾರಿಗಾದರೂ ಕೊಟ್ಟು ಹೋಗುತ್ತಾರೆ. ಗಿಡಕ್ಕೆ ನೀರು, ಬೆಕ್ಕಿಗೆ ಅನ್ನ, ಕಾರಿನ ಎಂಜಿನ್ ಒಮ್ಮೆ ಆನ್ ಮಾಡುವುದು. ಕೊಡುವುದು ಯಾರಿಗೆ? ಆಗಸ್ಟಿನಲ್ಲೂ ಇಲ್ಲೇ ಇರುವ ಡ್ರೈವರಿಗೆ, ಅಡುಗೆಯವಳಿಗೆ, ಆಯಾಗೆ. ಅವರ ಕಫೀಲರು ಯುರೋಪಿಗೆ ಹೋದ ಕಾರಣ ಅವರಿಗೆ ಆ ತಿಂಗಳು ತುಸು ಬಿಡುವೂ ಇರುತ್ತದೆ. ವಿಮಾನ ಹತ್ತುವ ಮೊದಲು ಒಬ್ಬೊಬ್ಬ ಕಾರ್ಯದರ್ಶಿಯೂ ಬೀಗದ ಕೈ ಕೊಟ್ಟವರಿಗೇ, "ಹಾಗೇ ಒಂದು ಶುಕ್ರವಾರ ನಮ್ಮ ಸಂಘದ ಕುರ್ಚಿಯಲ್ಲಿ ಕೂತು ಬಾ, ಊಟ ಉಂಟು" ಎಂದು ಹೇಳಿ, ನನಗೆ ಅವರ ಹೆಸರು ಮೆಸೇಜ್ ಮಾಡಿದರು. ನಾನು ಇಕಾಮಾದ ಫೋಟೋ ತರಿಸಿಕೊಂಡೆ, ನಿಯಮ ಅಷ್ಟನ್ನೇ ಕೇಳುತ್ತಿತ್ತು. ಅಧ್ಯಕ್ಷರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳದೆ ಬಾಸಿಗೆ ಮಾಹಿತಿ ಕೊಡಬಾರದು ಎಂಬುದು ನಾನು ನಿನಗೆ ಕೊಡುವ ಅತ್ಯುತ್ತಮ ಉಪದೇಶ.

ಸಮಾವೇಶದ ದಿನ ಸಾಲ್ಮಿಯಾದ ಹೋಟೆಲೊಂದರ ಮೇಲಿನ ಹಾಲಿಗೆ ಹಾಜಿಯವರು ಟೈ ಕಟ್ಟಿಕೊಂಡು ಬಂದರು. ಡಾಕ್ಟರೂ ಬಂದರು. ಕೋರಂ ಇಲ್ಲದ್ದಕ್ಕೆ ವಿಷಾದ ಸೂಚಿಸುವ ಭಾಷಣ ಇಬ್ಬರ ಕಿಸೆಯಲ್ಲೂ ಇತ್ತು. ಹಾಜಿಯವರದ್ದನ್ನು ನಾನೇ ಟೈಪ್ ಮಾಡಿದ್ದೆ. ಆಗ ಜನ ಬರತೊಡಗಿದರು. ಇಸ್ತ್ರಿ ಮಾಡಿದ ಅಂಗಿಯ ಡ್ರೈವರುಗಳು, ಒಳ್ಳೆ ಸೀರೆ ಉಟ್ಟ ಹೆಂಗಸರು. ತಮ್ಮ ತಮ್ಮ ಊರಿನ ಬೋರ್ಡು ಹುಡುಕಿ ಕೂತರು.

"ಐರಿನ್ ಬಾಯಿ, ಇವರು ಯಾರು? ಊಟಕ್ಕೆ ಇಷ್ಟು ಬೇಗ ಬಂದದ್ದಾ?" ಎಂದು ಹಾಜಿ ಪಿಸುಗುಟ್ಟಿದರು.

"ಪ್ರತಿನಿಧಿಗಳು ಸಾರ್."

"ಎಂತ ಪ್ರತಿನಿಧಿಗಳು?"

"ನಿಯಮದ ಪ್ರಕಾರ ಸಾರ್. ಇಕಾಮಾ ಇರುವ ಯಾವುದೇ ವ್ಯಕ್ತಿ."

ಹಾಜಿಯವರ ಸ್ವಂತ ಊರಿನ ಸಂಘದ ಕುರ್ಚಿಯಲ್ಲಿ ಅವರ ಮನೆಯ ಡ್ರೈವರ್ ಅಬೂಬಕ್ಕರ್ ಕೂತಿದ್ದ. ಹಾಜಿಯವರ ಭಾವ ಊರಿಗೆ ಹೋಗುವಾಗ ಬೀಗದ ಕೈಯನ್ನೂ, ಸಂಘದ ಕಾರ್ಯದರ್ಶಿಗೆ ಹೇಳಿ ಪ್ರತಿನಿಧಿಯ ಜಾಗವನ್ನೂ ಅವನಿಗೇ ಕೊಡಿಸಿ ಹೋಗಿದ್ದರು. ಹಾಜಿ ಅವನ ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟು, "ಅಬೂಬಕ್ಕರ್, ನೀನು ನಮ್ಮ ಮನೆಯವನಲ್ವಾ?" ಎಂದರು.

"ಹೌದು ಹಾಜಿ. ಹಾಗಾಗಿಯೇ ನಿಮ್ಮ ಸಂಘಕ್ಕೆ ಸೇರುವ ಅಂತ" ಎಂದ ಅವನು, ತುಂಬ ಮರ್ಯಾದೆಯಿಂದ.

ಡಾಕ್ಟರು ಪ್ರತಿನಿಧಿಗಳನ್ನು ವಾಪಸ್ ಕರೆಸಲು ಊರಿಗೆ ಫೋನ್ ಹಚ್ಚಿದರು. ಒಬ್ಬ ಕಾರ್ಯದರ್ಶಿ ಮೆಹಂದಿಯಲ್ಲಿದ್ದ, ಬ್ಯಾಂಡಿನ ಗಲಾಟೆಯಲ್ಲಿ ಏನೂ ಕೇಳಲಿಲ್ಲ. ಇನ್ನೊಬ್ಬ ಕೇಳಿಸಿಕೊಂಡು, "ಕುರ್ಚಿ ತುಂಬಿತಲ್ಲ ಡಾಕ್ಟ್ರೇ, ಒಂದು ಫೋಟೋ ಹಾಕಿ" ಎಂದ. ಫೋನಿನಲ್ಲಿ ಕರೆಸುವಂತಿಲ್ಲ, ಖುದ್ದಾಗಿ ಬರಬೇಕು ಎಂದು ನಾನು ನೆನಪಿಸಿದೆ. ಡಾಕ್ಟರು ನನ್ನನ್ನು ನೋಡಿದ ನೋಟಕ್ಕೆ ಅರಿವಳಿಕೆ ಕೊಡದೆ ಹಲ್ಲು ಕೀಳುವ ಶಕ್ತಿಯಿತ್ತು.

ಹಾಜರಿ ಕರೆದೆ. ಕೋರಂ ಆಯಿತು. ಹಾಜಿಯವರು ವಿಷಾದದ ಭಾಷಣವನ್ನು ಮಡಚಿ ಕಿಸೆಗೆ ಹಾಕಿಕೊಂಡು, "ವಿಷಯ ಬಿಟ್ಟು ಯಾರೂ ಮಾತಾಡ್ಲಿಕ್ಕೆ ಇಲ್ಲ" ಎಂದು ಎಚ್ಚರಿಸಿದರು. ಗಿರಿಜ ಎದ್ದಳು. ಅವಳು ಬಂದದ್ದು ಕಮಲಳ ಊರಿನ ಸಂಘದ ಪರವಾಗಿ. ಅದರ ಕಾರ್ಯದರ್ಶಿಯ ಗಿಡಗಳಿಗೆ ನೀರು ಹಾಕುವವಳು ಅವಳೇ.

"ವಿಷಯ ಒಂದೇ ಹಾಜಿಯವರೇ. ನಾವು ಇಲ್ಲಿ ಸತ್ರೆ ಮನೆಗೆ ಮುಟ್ಟಿಸುವವರು ಯಾರು? ಕಮಲನ ಅಮ್ಮ ನನ್ನತ್ರ ದಿನಾ ಕೇಳ್ತಿದ್ರು. ನನ್ನ ಅಮ್ಮ ಯಾರತ್ರ ಕೇಳ್ಬೇಕು?"

ಡಾಕ್ಟರು ಎದ್ದು ಪ್ರೊಸೀಜರಿನ ಬಗ್ಗೆ ಉದ್ದಕ್ಕೆ ಮಾತಾಡಿದರು. ಹಿಂದಿನಿಂದ ಯಾರೋ, "ಡಾಕ್ಟ್ರೇ, ಊಟ ತಣಿತದೆ" ಎಂದರು. ತಿದ್ದುಪಡಿಗೆ ಒಪ್ಪುವವರು ಕೈ ಎತ್ತಿ ಎಂದೆ. ಎಲ್ಲ ಬೋರ್ಡುಗಳ ಹಿಂದಿನಿಂದಲೂ ಕೈಗಳು ಎದ್ದವು. ಎಣಿಸುವ ಅಗತ್ಯ ಇರಲಿಲ್ಲ, ನನ್ನ ಕಣ್ಣು ಮಂಜಾಗಿ ಎಣಿಸಲು ಆಗುತ್ತಲೂ ಇರಲಿಲ್ಲ. ಮಿನಿಟ್ಸಿನಲ್ಲಿ 'ವಿವರವಾದ ಚರ್ಚೆ ನಡೆಯಿತು' ಎಂದು ಬರೆಯಲಿಲ್ಲ. ಗಿರಿಜ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ.

ರಜೆ ಮುಗಿಸಿ ಬಂದ ಪದಾಧಿಕಾರಿಗಳು ಬಾಯಿ ಬಡಿದುಕೊಂಡರು, ಸಮಾವೇಶ ರದ್ದು ಮಾಡಿ ಎಂದರು. ರದ್ದು ಮಾಡಬೇಕಾದರೆ ತಮ್ಮ ನಿಯಮದಲ್ಲಿ ತೂತು ಉಂಟೆಂದು ಹಾಜಿಯವರು ಒಪ್ಪಬೇಕಲ್ಲ. ಅದು ಅವರ ಜಾಯಮಾನವಲ್ಲ. "ನಿಯಮ ಅಂದ್ರೆ ನಿಯಮ, ಖಲಾಸ್" ಎಂದು ಮೇಜು ಗುದ್ದಿದರು. ಗಿರಿಜಳಿಗೆ ಚೀಟಿ ಕೊಟ್ಟದ್ದೂ ಅವರೇ, ಫೋಟೋಗೆ ನಕ್ಕದ್ದೂ ಅವರೇ.

ಚಳಿ ಶುರುವಾಗುವ ಮೊದಲು ಜಾಬ್ರಿಯಾದ ಒಂದು ಮನೆಯಲ್ಲಿ ನಮ್ಮ ಕಡೆಯ ಆಯಾ ಒಬ್ಬಳು ತೀರಿಕೊಂಡಳು, ಹೊಸದಾಗಿ ಸದಸ್ಯೆ ಆದವಳು. ಕಫೀಲ ಆಗಲೂ ದೇಶದಲ್ಲಿರಲಿಲ್ಲ. ಗಿರಿಜ ಫೋನ್ ಮಾಡಿದಳು. ಹಾಜಿಯವರು ಕೂಡಲೇ ಕಾರಿನ ಕೀ ತೆಗೆದುಕೊಂಡರು. ಗಿರಿಜಳನ್ನು ಮುಂದೆ, ಫೈಲು ಹಿಡಿದ ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟರು. ಆ ಮನುಷ್ಯ ಕೆಲಸಕ್ಕೆ ಇಳಿದರೆ ಹೇಗೆ ಎಂದು ನಾನು ಅವತ್ತು ನೋಡಿದೆ. ಕಫೀಲನಿಗೆ ವಿದೇಶಕ್ಕೆ ಫೋನ್ ಹಚ್ಚಿ ಅರಬಿಯಲ್ಲಿ ಸಲಾಂ ಹೇಳಿ, ಒಪ್ಪಿಗೆ ಪಡೆದು, ಅವನ ತಮ್ಮನನ್ನು ದಿವಾನಿಯಾದ, ಅಂದರೆ ಅರಬಿ ಗಂಡಸರು ಸಂಜೆ ಸೇರುವ ಚಾವಡಿಯ, ಹರಟೆಯಿಂದ ಎಬ್ಬಿಸಿ ತಂದು ಸಹಿ ಹಾಕಿಸಿದರು. ಒಂದೊಂದು ಕೌಂಟರಿನಲ್ಲೂ ಒಬ್ಬನನ್ನು ಯಲ್ಲಾ ಎಂದು ಗದರಿದರು, ಇನ್ನೊಬ್ಬನಿಗೆ ಹಬೀಬಿ ಎಂದರು. ಮರುದಿನ ಸಂಜೆಯ ಹೊತ್ತಿಗೆ ಪೆಟ್ಟಿಗೆ ಕಾರ್ಗೋಗೆ ಹೋಯಿತು.

ವಾಪಸ್ ಬರುವಾಗ ಸಿಗ್ನಲಿನಲ್ಲಿ ಕಾರು ನಿಂತಿತು. ಹಾಜಿಯವರು ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ತಮ್ಮಷ್ಟಕ್ಕೇ ಎಂಬಂತೆ ಕೇಳಿದರು:

"ಇಷ್ಟೇ ಕೆಲಸವಾ ಇದ್ದದ್ದು?"

ಗಿರಿಜ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದಳು.

"ಇಷ್ಟೇ ಹಾಜಿಯವರೇ" ಎಂದಳು. "ಕಮಲನಿಗೂ ಇಷ್ಟೇ ಇತ್ತು."

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಹಾಜಿಯವರು ಕಾರು ಬಿಡಲಿಲ್ಲ.